ಹರಕೆಯ ಕುರಿ ಮತ್ತು ಫಾರ್ಲಾರ್ನ್ ಹೋಪ್

ಇಂಗ್ಲಿಷಿನಲ್ಲಿ ‘ಫಾರ್ಲಾರ್ನ್ ಹೋಪ್’ ಎಂಬ ಮಾತಿದೆ. ಈಡೇರುವ ಲಕ್ಷಣವೇ ಇಲ್ಲದ ಆಸೆಗೆ ಇಂದು ಆ ಹೆಸರು. ಆದರೆ ಅದು ಹುಟ್ಟಿದ್ದು ದಂಡಿನಲ್ಲಿ. ಹುಟ್ಟಿದಾಗ ಅದಕ್ಕೂ ಆಸೆಗೂ ಯಾವ ನಂಟೂ ಇರಲಿಲ್ಲ. ಡಚ್ಚರ ‘ವೆರ್ಲೋರೆನ್ ಹೋಪ್’ ಎಂದರೆ ಕಳೆದುಹೋದ ಗುಂಪು, ಅಂದರೆ ಎಲ್ಲರಿಗಿಂತ ಮುಂದೆ ನುಗ್ಗಿ ಮೊದಲ ಗುಂಡಿಗೆ ಎದೆಯೊಡ್ಡುವ ತಂಡ. ಫ್ರೆಂಚರು ಇಂಥವರನ್ನು ‘ಕಳೆದುಹೋದ ಮಕ್ಕಳು’ ಎಂದು ಕರೆದರು. ಡಚ್ಚರ ‘ಗುಂಪು’ 16ನೇ ಶತಮಾನದಲ್ಲಿ ಇಂಗ್ಲಿಷರ ಕಿವಿಗೆ ‘ಆಸೆ’ಯಾಗಿ ಕೇಳಿಸಿತು. ಇದನ್ನು ಬರೀ ಕಿವಿಯ ಎಡವಟ್ಟೆಂದು ನಕ್ಕು ಬಿಡುವವರುಂಟು. ನನಗೇನೋ ಎಡವಿದ ಕಿವಿ ನೆಟ್ಟಗೆ ಸತ್ಯದ ಮೇಲೇ ಬಿದ್ದಿತೆನಿಸುತ್ತದೆ. ಆ ತಂಡವನ್ನು ಮುಂದಕ್ಕೆ ನೂಕುತ್ತಿದ್ದದ್ದು ಆಸೆಯೇ. ಅದೂ ಲೆಕ್ಕಾಚಾರದ ಆಸೆ.

1799ರ ಮೇ 4ರಂದು ಟಿಪ್ಪುವಿನ ಶ್ರೀರಂಗಪಟ್ಟಣಕ್ಕೆ ಬ್ರಿಟಿಷರು ಹಾಕಿದ ಲಗ್ಗೆಯನ್ನೇ ನೋಡಿ. ಫಿರಂಗಿಗಳು ಕೋಟೆಯ ಪಡುವಣ ಗೋಡೆಯಲ್ಲಿ ಕಂಡಿ ಕೊರೆದಿದ್ದವು. ಮುಂಗಾರು ಇನ್ನೂ ಹಿಡಿಯದ ಕಾವೇರಿಯನ್ನು ಕಾಲ್ನಡೆಯಲ್ಲೇ ದಾಟಬಹುದಿತ್ತು. ಬ್ರಿಟಿಷ್ ಸೇನಾನಿ ಡೇವಿಡ್ ಬೇರ್ಡ್ ನಡೆಸಿದ ಎರಡು ದಳಗಳ ಮುಂದೆ ಒಬ್ಬೊಬ್ಬ ಸಾರ್ಜೆಂಟ್, ಜೊತೆಗೆ ತಾವಾಗಿ ಮುಂದೆ ಬಂದ ಹನ್ನೆರಡು ಹನ್ನೆರಡು ಸೈನಿಕರು. ಬಾಂಬೆ ಯುರೋಪಿಯನ್ ರೆಜಿಮೆಂಟಿನ ಸಾರ್ಜೆಂಟ್ ಗ್ರಹಾಮನಿಗೆ, ಬದುಕಿದರೆ ಅಧಿಕಾರಿಯ ಹುದ್ದೆ ಎಂಬ ಭರವಸೆ ಸಿಕ್ಕಿತ್ತು. ಕಂಡಿಯನ್ನೇರಿದವನು ‘ಲೆಫ್ಟಿನೆಂಟ್’ ಗ್ರಹಾಮನಿಗೆ ಜಯವಾಗಲೆಂದು ತನಗೆ ತಾನೇ ಜೈಕಾರ ಹಾಕಿಕೊಂಡನೆಂದೂ, ಬಾವುಟ ನೆಟ್ಟ ಗಳಿಗೆಯಲ್ಲೇ ಗುಂಡು ತಗುಲಿ ಸತ್ತನೆಂದೂ ಆ ಕಾಲದ ಇಂಗ್ಲಿಷ್ ಬರಹಗಳು ಹೇಳುತ್ತವೆ. ಇದು ಹುಚ್ಚು ಸಾಹಸವಲ್ಲ. ಈಸ್ಟ್ ಇಂಡಿಯಾ ಕಂಪನಿಯ ದಂಡಿನಲ್ಲಿ ಅಧಿಕಾರಿಯಾಗಲು ಲಂಡನ್ನಿನ ನಿರ್ದೇಶಕರ ಕೃಪೆ ಬೇಕಿತ್ತು. ಬ್ರಿಟಿಷ್ ರಾಜನ ದಂಡಿನಲ್ಲಿ ಹುದ್ದೆಯನ್ನು ದುಡ್ಡು ತೆತ್ತು ಕೊಳ್ಳುವ ಪದ್ಧತಿ 1871ರವರೆಗೂ ನಡೆಯಿತು. ಕೃಪೆಯೂ ಕಾಸೂ ಇಲ್ಲದವನಿಗೆ ಉಳಿದ ದಾರಿ ಕೋಟೆಯ ಕಂಡಿ. ಆ ದಾರಿಯಲ್ಲಿ ಗೆದ್ದವರೂ ಇದ್ದರು. 1812ರ ಜನವರಿಯಲ್ಲಿ ಸ್ಪೇನಿನ ಸಿಯುಡಾಡ್ ರೊಡ್ರಿಗೊ ಕೋಟೆಗೆ ಹೀಗೆಯೇ ನುಗ್ಗಿದ ಲೆಫ್ಟಿನೆಂಟ್ ಜಾನ್ ಗರ್ವುಡ್ ಬದುಕಿ ಬಂದು ಕ್ಯಾಪ್ಟನ್ ಆದ. ಮುಂದೆ ಬ್ರಿಟಿಷ್ ದಂಡನಾಯಕ ವೆಲಿಂಗ್ಟನ್ನನ ಕಾಗದಪತ್ರಗಳನ್ನು ಸಂಪಾದಿಸಿ ಹೆಸರು ಮಾಡಿದ.

ಬಡ್ತಿಯ ಆಸೆ ಮುಂದಾಳಿಗೆ ಸರಿ, ಹಿಂದಿದ್ದ ಹನ್ನೆರಡು ಮಂದಿಗೆ ಏನಿತ್ತು ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಅವರ ಪಾಲಿಗೆ ಬಂದದ್ದು ಹೆಚ್ಚೆಂದರೆ ಕೊಳ್ಳೆ ಮತ್ತು ಓರಗೆಯವರ ಶಭಾಷ್. ಆಸೆಯಲ್ಲೂ ಮೇಲು ಕೀಳಿತ್ತು ಎಂಬುದನ್ನು ಇದು ತೋರಿಸುತ್ತದೆಯೇ ಹೊರತು ಆಸೆ ಇರಲಿಲ್ಲವೆಂದಲ್ಲ. ನಮ್ಮ ನೆಲಕ್ಕೆ ನುಗ್ಗಿದವರ ನುಡಿಗಟ್ಟಿಗೆ ಇಷ್ಟೊಂದು ಮರುಕವೇಕೆ ಎಂದೂ ಕೇಳಬಹುದು. ಇಲ್ಲಿ ಮರುಕಕ್ಕಿಂತ ಲೆಕ್ಕ ದೊಡ್ಡದು: ಟಿಪ್ಪುವಿನ ಕೋಟೆಯನ್ನು ಒಡೆದ ಯಂತ್ರಕ್ಕೆ ಎಣ್ಣೆ ಹಾಕಿದ್ದು ಇಂಥ ಬಡವರ ಆಸೆಯೇ. ಇನ್ನು, ಬಳಕೆ ಬದಲಾದ ಮೇಲೆ ಹಳೆಯ ಅರ್ಥವನ್ನು ಹಿಡಿದು ಜಗ್ಗುವುದೇಕೆ ಎಂಬ ಆಕ್ಷೇಪ. ಬದಲಾವಣೆಗೆ ನನ್ನ ತಕರಾರಿಲ್ಲ. ಆದರೆ ಹೊಸ ಅರ್ಥದಲ್ಲಿ ಆಸೆ ಪಟ್ಟವನು ಮಾತ್ರ ಉಳಿದಿದ್ದಾನೆ, ಆಸೆ ತೋರಿಸಿದವನು ಜಾಣತನದಿಂದ ಜಾರಿಕೊಂಡಿದ್ದಾನೆ.

ನಮ್ಮಲ್ಲೂ ಇಂಥದೊಂದು ಮಾತಿದೆ. ಚುನಾವಣೆಯಲ್ಲಿ ಸೋಲುವ ಕ್ಷೇತ್ರದಲ್ಲಿ ನಿಲ್ಲಿಸಿದ ಅಭ್ಯರ್ಥಿಯನ್ನು ನಮ್ಮ ಪತ್ರಿಕೆಗಳು ‘ಹರಕೆಯ ಕುರಿ’ ಎನ್ನುತ್ತವೆ. ಕುರಿಯ ಒಪ್ಪಿಗೆಯನ್ನು ಯಾರೂ ಕೇಳುವುದಿಲ್ಲ, ಅದಕ್ಕೆ ಬಡ್ತಿಯ ಮಾತನ್ನೂ ಕೊಡುವುದಿಲ್ಲ. ಆದರೆ ಮುಂದೆ ನಿಗಮವೋ ಮಂಡಳಿಯೋ ಸಿಕ್ಕೀತೆಂದು ತಾನೇ ಟಿಕೆಟ್ ಬೇಡಿ ನಿಂತವನು ಕುರಿಯಲ್ಲ, ಗ್ರಹಾಮನ ವಂಶದವನು. ಈ ಎರಡನ್ನೂ ಒಂದೇ ಹಗ್ಗಕ್ಕೆ ಕಟ್ಟಬಾರದು. ಆದ್ದರಿಂದ ಯಾರಾದರೂ ಯಾವುದನ್ನಾದರೂ ‘ಫಾರ್ಲಾರ್ನ್ ಹೋಪ್’ ಎಂದಾಗ, ಆಸೆ ಪಟ್ಟವನ ಪೆದ್ದುತನವನ್ನು ಅಳೆಯುವ ಮೊದಲು ಆಸೆ ತೋರಿಸಿದವನು ಎಲ್ಲಿ ನಿಂತಿದ್ದಾನೆಂದು ಕೇಳಿ. ಅವನು ಸಾಮಾನ್ಯವಾಗಿ ಗುಂಡು ತಲುಪದಷ್ಟು ದೂರದಲ್ಲಿರುತ್ತಾನೆ.