ಆಟದ ಯಂತ್ರಗಳೂ ವ್ಯಾಪ್ತಿಜ್ಞಾನವೂ

ತರ್ಕಶಾಸ್ತ್ರವನ್ನು ಓದಿದವರಿಗೆ ಒಂದು ಚಪಲವುಂಟು. ಯಾರಾದರೂ "ಇದು ಹೀಗೆಯೇ ಆಗುವುದು" ಎಂದು ನಿಶ್ಚಯಿಸಿ ನುಡಿದರೆ, "ಹೇತುವೇನು?" ಎಂದು ಕೇಳದೆ ಅವರಿಗೆ ಸಮಾಧಾನವಿಲ್ಲ. ಹೊಗೆಯಿರುವಲ್ಲೆಲ್ಲ ಬೆಂಕಿಯಿರುವುದೆಂಬ ನಿಯಮಕ್ಕೆ ವ್ಯಾಪ್ತಿಯೆಂದು ಹೆಸರು. ಹೇತುವಿದ್ದರೂ ಫಲವು ಕಾಣದ ಒಂದೇ ಒಂದು ಸ್ಥಳವನ್ನು ತೋರಿಸಿದರೆ ಸಾಕು, ಆ ಹೇತುವಿಗೆ ವ್ಯಭಿಚಾರದೋಷವು ತಗಲಿತು, ವ್ಯಾಪ್ತಿಯು ಮುರಿಯಿತು. ಮೂವತ್ತೈದು ವರ್ಷ ಸಂಸ್ಕೃತವನ್ನು ಕಲಿಸಿ, ಈಗ ಪೆನ್ಷನ್ನಿನ ಮೇಲೆ ಕಾಲಕ್ಷೇಪ ಮಾಡುತ್ತಿರುವ ನಮಗೆ, ಈ ಶಾಸ್ತ್ರವು ಮಕ್ಕಳ ಆಟದ ಯಂತ್ರಗಳ ವಿಷಯದಲ್ಲಿಯೂ ಪ್ರಯೋಜನಕ್ಕೆ ಬರುವುದೆಂಬುದು ಇತ್ತೀಚೆಗೆ ತಿಳಿದ ಸಂಗತಿ.

ಟಿ.ವಿ. ಪೆಟ್ಟಿಗೆಗೆ ಜೋಡಿಸಿ ಆಡುವ ಈ ಯಂತ್ರಗಳಿಗೆ ವಿಡಿಯೋ ಗೇಮ್ ಕನ್ಸೋಲ್ ಎಂದು ಹೆಸರು. ನಿಂಟೆಂಡೋ, ಸೋನಿ, ಮೈಕ್ರೋಸಾಫ್ಟ್ ಎಂಬ ಕಂಪೆನಿಗಳು ಈ ವ್ಯಾಪಾರದಲ್ಲಿ ಹೆಸರುವಾಸಿಯಾದುವು. ನಮ್ಮ ಮೊಮ್ಮಕ್ಕಳು ಊಟಕ್ಕೆ ಕುಳಿತಾಗ, "ಮುಂದೆ ಗೆಲ್ಲುವುದು ಇದೇ", "ಅಲ್ಲ, ಅದೇ" ಎಂದು ಸಾರು ಆರಿಹೋಗುವವರೆಗೂ ವಾದಿಸುವರು. ಅವರು ಹೇಳುವ ಹೇತುಗಳನ್ನು ಒಂದೊಂದಾಗಿ ಒರೆಗೆ ಹಚ್ಚಿ ನೋಡೋಣವೆಂದು ನಾವು ಈ ವ್ಯಾಪಾರದ ಚರಿತ್ರೆಯನ್ನು ಓದಿದೆವು.

ಹಿಂದೆ ಗೆದ್ದವನೇ ಮುಂದೆಯೂ ಗೆಲ್ಲುವನೆಂಬುದು ಮೊದಲನೆಯ ಹೇತು. ಅಮೆರಿಕದ ಅಟಾರಿ ಕಂಪೆನಿಯು ೧೯೭೭ರಲ್ಲಿ ಹೊರತಂದ ಯಂತ್ರವು ಆ ದೇಶದಲ್ಲಿ ಬಹುಕಾಲ ಎದುರಿಲ್ಲದೆ ಮೆರೆಯಿತು. ಆದರೆ ಕೀಳು ತರಗತಿಯ ಆಟಗಳು ಅಂಗಡಿಗಳಲ್ಲಿ ರಾಶಿಬಿದ್ದು, ೧೯೮೩ರಲ್ಲಿ ಅಲ್ಲಿಯ ವ್ಯಾಪಾರವೇ ಕುಸಿಯಿತು. ಮಾರಾಟವಾಗದೆ ಉಳಿದ ಸರಕನ್ನು ನ್ಯೂ ಮೆಕ್ಸಿಕೋ ಸೀಮೆಯ ಅಲಮೊಗಾರ್ಡೋ ಎಂಬ ಊರಿನ ಕಸದ ಗುಂಡಿಯಲ್ಲಿ ಹೂಳಿದರು. ೨೦೧೪ರಲ್ಲಿ ಅಲ್ಲಿ ಅಗೆದವರಿಗೆ ಆ ಆಟಗಳು ಸಿಕ್ಕಿದುವು. ಅದೇ ೧೯೮೩ರಲ್ಲಿ ಜಪಾನಿನ ನಿಂಟೆಂಡೋ ತನ್ನ ಯಂತ್ರವನ್ನು ಹೊರಡಿಸಿತು. ಅದು ೧೮೮೯ರಲ್ಲಿ ಕ್ಯೋಟೋ ನಗರದಲ್ಲಿ ಆಟದ ಎಲೆಗಳನ್ನು ಮಾಡುವುದಕ್ಕಾಗಿ ಹುಟ್ಟಿದ ಮನೆತನ. ಆ ಯಂತ್ರಗಳು ಆರು ಕೋಟಿಗೂ ಮೀರಿ ಮಾರಿದುವು. ಇದೇ ನಿಂಟೆಂಡೋ ೨೦೦೬ರಲ್ಲಿ ತಂದ ವೀ ಎಂಬ ಯಂತ್ರವು ಹತ್ತು ಕೋಟಿಗೂ ಹೆಚ್ಚು ಮಾರಿತು. ೨೦೧೨ರಲ್ಲಿ ತಂದ ವೀ ಯು ಎಂಬುದು ಒಂದು ಕೋಟಿ ಮೂವತ್ತೈದು ಲಕ್ಷದಷ್ಟಕ್ಕೇ ನಿಂತಿತು. ೨೦೧೭ರಲ್ಲಿ ಬಂದ ಸ್ವಿಚ್ ಹದಿನೈದು ಕೋಟಿಯನ್ನು ದಾಟಿತು. ಮನೆಯೊಂದೇ, ಕುಶಲತೆಯೂ ಒಂದೇ. ಫಲ ಮಾತ್ರ ಏತದ ಮರದಂತೆ ಏರಿಳಿಯಿತು.

ಬಲಿಷ್ಠವಾದ ಯಂತ್ರವು ಗೆಲ್ಲುವುದೆಂಬುದು ಎರಡನೆಯ ಹೇತು. ಸೋನಿಯು ೨೦೦೬ರಲ್ಲಿ ತಂದ ಪ್ಲೇಸ್ಟೇಷನ್ ೩ರ ಮುಂದೆ ವೀ ಯಂತ್ರದ ಶಕ್ತಿಯು ಅತ್ಯಲ್ಪ. ಆದರೂ ಕೈಯನ್ನು ಬೀಸಿ ಆಡುವ ಸರಳತೆಯಿಂದ ಅದು ಅಜ್ಜ ಅಜ್ಜಿಯರನ್ನೂ ಒಲಿಸಿಕೊಂಡು, ಮಾರಾಟದಲ್ಲಿ ಮುಂದಾಯಿತು. ಹಾಗಾದರೆ ಅಗ್ಗವಾದುದು ಗೆಲ್ಲುವುದೋ? ಅಮೆರಿಕದಲ್ಲಿ ೨೦೦೧ರಲ್ಲಿ ನಿಂಟೆಂಡೋವಿನ ಗೇಮ್‌ಕ್ಯೂಬಿಗೆ ಇನ್ನೂರು ಡಾಲರು, ಪ್ಲೇಸ್ಟೇಷನ್ ೨ಕ್ಕೆ ಮುನ್ನೂರು. ಕಡೆಗೆ ಅಗ್ಗದ್ದು ಎರಡು ಕೋಟಿ ಚಿಲ್ಲರೆ ಮಾರಿತು, ತುಟ್ಟಿಯದು ಹದಿನೈದು ಕೋಟಿಯನ್ನು ಮೀರಿತು. ಮೊದಲು ಬಂದುದು ಗೆಲ್ಲುವುದೋ? ಸೇಗಾ ಕಂಪೆನಿಯ ಡ್ರೀಮ್‌ಕಾಸ್ಟ್ ೧೯೯೮ರಲ್ಲಿಯೇ ಜಪಾನಿನ ಪೇಟೆಗೆ ಬಂದಿತು. ಪ್ಲೇಸ್ಟೇಷನ್ ೨ ಬಂದುದು ೨೦೦೦ದಲ್ಲಿ. ೨೦೦೧ರಲ್ಲಿ ಸೇಗಾ ಕನ್ಸೋಲುಗಳ ತಯಾರಿಕೆಯನ್ನೇ ಬಿಟ್ಟು, ನಿನ್ನೆಯವರೆಗೆ ಶತ್ರುವಾಗಿದ್ದ ನಿಂಟೆಂಡೋವಿನ ಯಂತ್ರಗಳಿಗೆ ಆಟಗಳನ್ನು ಮಾಡಿಕೊಡತೊಡಗಿತು.

ಇನ್ನು ಎದುರಾಳಿಯು ಎಲ್ಲಿಂದ ಬರುವನೆಂಬುದಾದರೂ ಗೊತ್ತಾಗುವುದೇ? ಅದೂ ಇಲ್ಲ. ಸೋನಿಯು ಮೊದಲು ನಿಂಟೆಂಡೋವಿನ ಜೊತೆಗಾರನಾಗಿತ್ತು. ೧೯೯೧ರ ಜೂನ್ ತಿಂಗಳಲ್ಲಿ ಷಿಕಾಗೋ ನಗರದ ವಸ್ತುಪ್ರದರ್ಶನದಲ್ಲಿ, ತಾವಿಬ್ಬರೂ ಕೂಡಿ ಮಾಡುವ ಯಂತ್ರದ ವಿಷಯವನ್ನು ಸೋನಿಯು ಪ್ರಕಟಿಸಿತು. ಮರುದಿನವೇ ನಿಂಟೆಂಡೋ ಆ ಜೊತೆಯನ್ನು ಬಿಟ್ಟು, ಹಾಲೆಂಡಿನ ಫಿಲಿಪ್ಸ್ ಕಂಪೆನಿಯೊಡನೆ ಸೇರಿರುವುದಾಗಿ ಸಾರಿತು. ಸೋನಿಯು ಸುಮ್ಮನಾಗದೆ ೧೯೯೪ರಲ್ಲಿ ತನ್ನದೇ ಪ್ಲೇಸ್ಟೇಷನ್ನನ್ನು ಹೊರತಂದು, ಹತ್ತು ಕೋಟಿಗೂ ಹೆಚ್ಚು ಮಾರಿತು. ಎದುರಾಳಿಯು ಹೊರಗಿನಿಂದ ಬರಲಿಲ್ಲ. ಪಂಕ್ತಿಯಲ್ಲಿ ಪಕ್ಕದ ಎಲೆಯಿಂದಲೇ ಎದ್ದನು.

ಇಷ್ಟೊಂದು ಅನಿಶ್ಚಯಕ್ಕೆ ಕಾರಣವೇನು? ನಮ್ಮ ಶಾಸ್ತ್ರದಲ್ಲಿ ಅನ್ಯೋನ್ಯಾಶ್ರಯವೆಂಬ ದೋಷವೊಂದಿದೆ. ಒಳ್ಳೆಯ ಆಟಗಳಿರುವ ಯಂತ್ರವನ್ನೇ ಜನರು ಕೊಳ್ಳುವರು; ಹೆಚ್ಚು ಜನರು ಕೊಂಡ ಯಂತ್ರಕ್ಕೇ ಆಟಗಾರಿಕೆಯ ಕಂಪೆನಿಗಳು ಒಳ್ಳೆಯ ಆಟಗಳನ್ನು ಮಾಡುವುವು. ಎರಡರಲ್ಲಿ ಮೊದಲು ಯಾವುದು? ವಾದದಲ್ಲಿ ಇದು ದೋಷ, ವ್ಯಾಪಾರದಲ್ಲಿ ಇದೇ ನಿಯಮ. ಒಂದು ದೊಡ್ಡ ಆಟವನ್ನು ಸಿದ್ಧಪಡಿಸಲು ವರ್ಷಗಳೇ ಬೇಕಾದುದರಿಂದ, ಅದನ್ನು ಮಾಡುವವರು ಯಾವ ಯಂತ್ರವು ನಿಲ್ಲುವುದೆಂಬುದನ್ನು ಮುಂಗಂಡು ಊಹಿಸಬೇಕು. ತಕ್ಕಡಿಯು ಆರಂಭದಲ್ಲಿ ಕೂದಲೆಳೆಯಷ್ಟು ವಾಲಿದರೂ ಎಲ್ಲರೂ ಆ ಕಡೆಗೇ ಓಡುವರು. ೧೯೯೬ರ ನಿಂಟೆಂಡೋ ೬೪ ಯಂತ್ರವು ಹಳೆಯ ಕಾರ್ಟ್ರಿಜ್ಜುಗಳನ್ನೇ ನೆಚ್ಚಿಕೊಂಡಿತು. ಪ್ಲೇಸ್ಟೇಷನ್ ಹೆಚ್ಚು ಹಿಡಿಯುವ, ಕಡಿಮೆ ಬೆಲೆಯಲ್ಲಿ ತಯಾರಾಗುವ ಸಿ.ಡಿ.ಗಳನ್ನು ಹಿಡಿಯಿತು. ಬಹುಕಾಲ ನಿಂಟೆಂಡೋವಿನ ಬಳಿಯಿದ್ದ ಸ್ಕ್ವೇರ್ ಕಂಪೆನಿಯು ತನ್ನ ಪ್ರಸಿದ್ಧವಾದ ಫೈನಲ್ ಫ್ಯಾಂಟಸಿ ಆಟದ ಏಳನೆಯ ಭಾಗವನ್ನು ೧೯೯೭ರಲ್ಲಿ ಸೋನಿಯ ಯಂತ್ರಕ್ಕೆ ಕೊಟ್ಟಿತು. ತಕ್ಕಡಿಯು ವಾಲಿದ್ದು ಹೀಗೆ.

ಇದನ್ನೆಲ್ಲ ಓದಿದುದು ವ್ಯರ್ಥವಾಗಲಿಲ್ಲ. ಹೋದ ವರ್ಷ ನಮ್ಮ ಹಳೆಯ ಶಿಷ್ಯನೊಬ್ಬನು ಮನೆಗೆ ಬಂದನು. ಗಂಟೆಗಿಷ್ಟೆಂದು ಹಣ ಪಡೆದು ಹುಡುಗರಿಗೆ ಆಡಗೊಡುವ ಅಂಗಡಿಯನ್ನಿಡಲು ಅವನು ನಿಶ್ಚಯಿಸಿದ್ದನು. ಒಂದೇ ಕಂಪೆನಿಯ ಹತ್ತು ಯಂತ್ರಗಳನ್ನು ಒಟ್ಟಿಗೆ ಕೊಳ್ಳುವುದು ಅವನ ಸಂಕಲ್ಪ.

"ಇನ್ನು ಹತ್ತು ವರ್ಷ ಇದರದೇ ರಾಜ್ಯ, ಮೇಷ್ಟ್ರೇ; ಸಂಶಯವೇ ಇಲ್ಲ."

"ಹಣವೆಲ್ಲಿಯದಪ್ಪಾ?"

"ಮನೆಯವಳ ಸರವೂ ಬಳೆಗಳೂ ಇವೆಯಲ್ಲ. ಗಿರವಿ ಇಟ್ಟರಾಯಿತು."

"ಆಕೆಯನ್ನು ಕೇಳಿದೆಯಾ?"

ಅವನು ಮಾತನಾಡಲಿಲ್ಲ. ಆಗ ನಾವು ಮೇಲಿನ ಸಂಗತಿಗಳನ್ನೆಲ್ಲ ವಿವರಿಸಿ ಹೇಳಿದೆವು: "ನೀನು ಆರಿಸಿದ ಯಂತ್ರವು ಸೋಲುವುದೆಂದು ನಾವು ಹೇಳಲಾರೆವು, ಗೆಲ್ಲುವುದೆಂದು ನೀನೂ ಹೇಳಲಾರೆ. ಆದರೆ ತಿಂಗಳು ತಿಂಗಳಿಗೆ ಬಡ್ಡಿ ಬೀಳುವುದೆಂಬ ವ್ಯಾಪ್ತಿಗೆ ಮಾತ್ರ ವ್ಯಭಿಚಾರವನ್ನು ಯಾರೂ ತೋರಿಸಿಲ್ಲ. ಅನಿಶ್ಚಿತವಾದುದನ್ನು ನಂಬಿ ನಿಶ್ಚಿತವಾದುದನ್ನು ತಲೆಯ ಮೇಲೆ ಹೊರಬೇಡ." ಅವನು ಸ್ವಲ್ಪ ಮುನಿಸಿನಿಂದಲೇ ಎದ್ದು ಹೋದನು. ಎಂಟು ದಿನಗಳಾದ ಮೇಲೆ ಹೆಂಡತಿಯನ್ನು ಕರೆದುಕೊಂಡು ಬಂದನು. ಕೈಯಲ್ಲಿದ್ದ ಉಳಿತಾಯಕ್ಕೆ ಎಟುಕುವಂತೆ ಎರಡು ಕಂಪೆನಿಗಳ ಮೂರು ಯಂತ್ರಗಳನ್ನು ಕೊಳ್ಳುವುದೆಂದು ಆಕೆಯೇ ಲೆಕ್ಕ ಹಾಕಿದ್ದಳು. ನಮ್ಮ ಮನೆಯವರು ಕುಂಕುಮ ಕೊಡುವಾಗ ಆ ಮಗುವಿನ ಕೈಯಲ್ಲಿ ಬಳೆಗಳು ಇದ್ದುವು.

ಈ ದೊಡ್ಡ ಕಂಪೆನಿಗಳ ಸಾಹಸವನ್ನು ಕಂಡು ನಮ್ಮ ಮಕ್ಕಳು ಹಿಗ್ಗುವುದು ಸಹಜ, ನಾವೂ ಹಿಗ್ಗುವೆವು. ಆದರೆ ಸಂಸಾರಿಗಳು ಒಂದು ಭೇದವನ್ನು ಮರೆಯಬಾರದು. ೨೦೧೨ರಲ್ಲಿ ಬಿದ್ದ ಪೆಟ್ಟನ್ನು ತಾಳಿಕೊಂಡು ೨೦೧೭ರವರೆಗೆ ಕಾದು ಕುಳಿತಿರಲು ನಿಂಟೆಂಡೋವಿಗೆ ಬೊಕ್ಕಸವಿತ್ತು. ಸೇಗಾದಂತಹ ಕಂಪೆನಿಗೇ ಅಂತಹ ತಾಳಿಕೆ ಸಾಲದೆ ಹೋಯಿತು. ಐದು ವರ್ಷ ಕಾಯುವ ಶಕ್ತಿ ಎಷ್ಟು ಮನೆಗಳಿಗುಂಟು? ಯಾವ ಯಂತ್ರವು ಗೆಲ್ಲುವುದೆಂಬುದನ್ನು ಬಲ್ಲವರಿಲ್ಲ. ಸೋತರೆ ನಮ್ಮ ಮನೆಯಲ್ಲಿ ಏನು ಉಳಿಯುವುದೆಂಬುದನ್ನಾದರೋ ಒಲೆಯ ಮುಂದೆ ಇಬ್ಬರೂ ಕುಳಿತು ಒಂದು ಗಳಿಗೆ ಮಾತನಾಡಿದರೆ ತಿಳಿಯಬಹುದು. ಅಷ್ಟು ಜ್ಞಾನವು ಸಂಸಾರಕ್ಕೆ ಸಾಕು.