ಮಹಾಲಕ್ಷ್ಮಿ ಲೇಔಟಿನಲ್ಲಿ ಒಂದು ಪಾಠ

ಪ್ರಸನ್ನ ವೀರಾಂಜನೇಯನ ದರ್ಶನಾರ್ಥವಾಗಿ ಈಚೆಗೆ ನಾವು ಬೆಂಗಳೂರಿನ ಪಶ್ಚಿಮಭಾಗದ ಮಹಾಲಕ್ಷ್ಮಿ ಲೇಔಟಿಗೆ ಹೋಗಿದ್ದೆವು. ೨೦೧೪ರ ಮಾರ್ಚ್‌ನಿಂದ ಮೆಟ್ರೋ ನಿಲ್ದಾಣವಿರುವುದರಿಂದ ನಮ್ಮಂಥ ವಯಸ್ಸಾದವರಿಗೂ ಪ್ರಯಾಣವು ಸುಲಭ. ಗುಡ್ಡದಿಂದಿಳಿದು ಅಡ್ಡರಸ್ತೆಯೊಂದರಲ್ಲಿ ಬರುತ್ತಿರಲು, "ಮೇಷ್ಟ್ರೇ!" ಎಂದು ಯಾರೋ ಕೂಗಿದರು. ನೋಡಿದರೆ ನಮ್ಮ ಪೂರ್ವಶಿಷ್ಯ; ಶಬ್ದರೂಪಗಳು ಬಾಯಿಗೆ ಬಾರದೆ ನಮ್ಮಿಂದ ಬಹಳ ಗದರಿಸಿಕೊಂಡಿದ್ದ ಹುಡುಗ. ಈಗ ಹಳೆಯ ಕಾರುಗಳನ್ನು ದುರಸ್ತು ಮಾಡುವ ಗ್ಯಾರೇಜಿನ ಯಜಮಾನ.

ಒಳಗೆ ಫೋರ್ಡ್ 'ಮಾಡೆಲ್ ಎ' ಕಾರೊಂದರ ಎಂಜಿನ್ನು ಬಿಚ್ಚಿಟ್ಟಿತ್ತು. ೧೯೨೭ರ ಕೊನೆಯಲ್ಲಿ ಹೊರಬಂದ ಈ ಮಾದರಿಯ ತಯಾರಿಕೆ ೧೯೩೦ರ ದಶಕದ ಆರಂಭದಲ್ಲಿಯೇ ನಿಂತುಹೋಯಿತು. ಇದರ ನಾಲ್ಕು ಸಿಲಿಂಡರುಗಳ ಮೇಲೆ ಮುಚ್ಚಳದಂತೆ ಕೂರುವ 'ಹೆಡ್ಡ'ನ್ನು ೧೪ ಸ್ಟಡ್ಡುಗಳು ಹಿಡಿದಿರುತ್ತವೆ. ಸ್ಟಡ್ಡೆಂದರೆ ಎರಡು ತುದಿಗಳಲ್ಲಿಯೂ ತಿರುಪಿನ ಗೆರೆಗಳುಳ್ಳ, ತಲೆಯಿಲ್ಲದ ಉಕ್ಕಿನ ಸರಳು. ತುಕ್ಕು ಹಿಡಿದು ಮುರಿದಿದ್ದ ಒಂದನ್ನು ಕೀಳಲು ಎರಡು ದಿನ ಹಿಡಿಯಿತಂತೆ. ಅವಸರಪಟ್ಟಿದ್ದರೆ ತೊಂಬತ್ತು ವರ್ಷ ಮೀರಿದ ಎರಕದ ಬ್ಲಾಕು ಬಿರುಕು ಬಿಡುತ್ತಿತ್ತು. ಯಜಮಾನರ ತಾತನವರ ಕಾರು ಮತ್ತೆ ರಸ್ತೆ ಕಾಣುತ್ತಿರಲಿಲ್ಲ.

ಶಿಷ್ಯನು ರಂಧ್ರಗಳ ಗೆರೆಗಳನ್ನು 'ಟ್ಯಾಪಿ'ನಿಂದ ಶುದ್ಧಿಮಾಡಿ, ಗಾಳಿಯೂದಿ ಒಣಗಿಸಿದನು. ತಳಮುಚ್ಚಿದ ರಂಧ್ರದಲ್ಲಿ ಎಣ್ಣೆ ನಿಂತಿದ್ದರೆ, ಸ್ಟಡ್ಡು ಇಳಿಯುವಾಗ ಅದು ಹೋಗಲೆಡೆಯಿಲ್ಲದೆ ಕಬ್ಬಿಣವನ್ನೇ ಸೀಳಬಲ್ಲುದು. ಸ್ಟಡ್ಡಿನ ಮೇಲ್ತುದಿಗೆ ಎರಡು ನಟ್ಟುಗಳನ್ನು ಒಂದಕ್ಕೊಂದು ಬಿಗಿದು, ಅವುಗಳನ್ನೇ ಹಿಡಿಯಾಗಿ ಮಾಡಿಕೊಂಡು ಹದವಾಗಿ ತಿರುಗಿಸಿದನು. ಅನಂತರ ಗ್ಯಾಸ್ಕೆಟ್ಟು, ಅದರ ಮೇಲೆ ಹೆಡ್ಡು.

ಕುತೂಹಲದಿಂದ ನಾವೂ ಒಂದು ನಟ್ಟಿಗೆ ಕೈಹಾಕಿ ಪೂರ್ಣವಾಗಿ ಬಿಗಿಯಹೊರಟೆವು. ಆತನು ವಿನಯದಿಂದ ತಡೆದನು: "ಒಂದನ್ನೇ ಪೂರ್ತಿ ಬಿಗಿಯಬಾರದು, ಮೇಷ್ಟ್ರೇ. ನಡುವಿನಿಂದ ಆರಂಭಿಸಿ ಹೊರಕ್ಕೆ ಹೋಗಬೇಕು. ಸುತ್ತು ಸುತ್ತಿಗೂ ಎಲ್ಲಕ್ಕೂ ಸ್ವಲ್ಪ ಸ್ವಲ್ಪ." ಹೀಗೆ ಮೂರು ಸುತ್ತುಗಳಲ್ಲಿ, ಅಳತೆಯ ಸ್ಪ್ಯಾನರಿನಿಂದ, ೫೫ ಅಡಿ-ಪೌಂಡಿನವರೆಗೆ ಬಿಗಿದನು. ಒತ್ತಡವು ಅಸಮವಾದರೆ ಹೆಡ್ಡು ಸೊಟ್ಟಗಾಗಿ, ಗ್ಯಾಸ್ಕೆಟ್ಟು ಸುಟ್ಟು, ನೀರು ಸಿಲಿಂಡರಿಗಿಳಿಯುವುದಂತೆ. ಎಂಜಿನ್ನನ್ನು ಓಡಿಸಿ, ಕಾದ ಮೇಲೆ ಮತ್ತೊಮ್ಮೆ ನೋಡಬೇಕು.

ನಾವು ಸುಮ್ಮನಾದೆವು. ವಿಭಕ್ತಿಗಳೆಲ್ಲವನ್ನೂ ಒಂದೇ ದಿನದಲ್ಲಿ ಒಪ್ಪಿಸೆಂದು ಈ ಬಾಲಕನನ್ನು ಬೆಂಚಿನ ಮೇಲೆ ನಿಲ್ಲಿಸಿದ್ದವರು ನಾವೇ ಅಲ್ಲವೆ? ಹಾಗೆಂದು ಹೇಳಿಯೂಬಿಟ್ಟೆವು. ಆತನು ನಕ್ಕು, ಕೈಯ ಮಸಿಯನ್ನು ಒರಸಿಕೊಂಡು, ನಮಗೆ ಕಾಫಿ ತರಿಸಿದನು. "ಮುಂದಿನ ಭಾನುವಾರ ಬನ್ನಿ, ಗಾಡಿಯಲ್ಲಿಯೇ ಗುಡಿಗೆ ಹೋಗೋಣ" ಎಂದನು.

ಹೋಗುವೆವು.