ಒಂದೂವರೆ ಇಂಚಿನ ಸುಳ್ಳು

ನನ್ನ ನಿಜವಾದ ಎತ್ತರ 5 ಅಡಿ ಆರೂವರೆ ಇಂಚು. ಮದುವೆ ಬಯೋಡೇಟಾದಲ್ಲಿ ಮೊದಲು ಇದ್ದದ್ದು 5 ಅಡಿ 8 ಇಂಚು.

ಬರೆಸಿದ್ದು ಸೋದರಮಾವ. "ಐದು ಆರು ಅಂತ ಹಾಕಿದ್ರೆ ಫೋಟೊ ಕೂಡ ನೋಡಲ್ಲ ಕಣೋ. ಎಂಟು ಹಾಕು, ಎಲ್ಲರೂ ಹಾಕ್ತಾರೆ" ಅಂದ್ರು. ನಾನೂ ಹಾಕಿದೆ. ಒಂದೂವರೆ ಇಂಚು ತಾನೇ, ಶೂ ಹಾಕ್ಕೊಂಡ್ರೆ ಸರಿಹೋಗುತ್ತೆ ಅಂದುಕೊಂಡೆ. ಹೆಣ್ಣು ನೋಡೋಕೆ ಹೋದಾಗ ಶೂ ಬಾಗಿಲಲ್ಲೇ ಬಿಡಬೇಕು ಅನ್ನೋದು ಈ ಇಂಜಿನಿಯರ್ ತಲೆಗೆ ಹೊಳೆದೇ ಇರಲಿಲ್ಲ.

ಎರಡು ದಿನ ಆದ್ಮೇಲೆ ಬ್ರೋಕರ್ ಅಪ್ಪನಿಗೆ ಫೋನ್ ಮಾಡಿ, ಹುಡುಗಿ ತಂದೆ ಹೇಳಿದ್ದನ್ನ ಹಾಗೇ ಒಪ್ಪಿಸಿದ: "ಎತ್ತರದಲ್ಲೇ ಸುಳ್ಳು ಹೇಳಿದವರು ಸಂಬಳ ನಿಜ ಹೇಳಿರ್ತಾರೆ ಅಂತ ಹೇಗೆ ನಂಬೋದು?" ಸಂಬಳ ನಿಜವೇ ಇತ್ತು. ಆದರೆ ಅಪ್ಪ ಮೂವತ್ತು ವರ್ಷ ಬ್ಯಾಂಕಿನಲ್ಲಿ ಲೆಕ್ಕ ಬರೆದವರು. ಅವತ್ತು ರಾತ್ರಿ ಅವರು ಊಟ ಮಾಡಲಿಲ್ಲ.

ಆ ಬಯೋಡೇಟಾ ನನಗೆ ಮತ್ತೆ ನೆನಪಾಗಿದ್ದು ಹ್ಯೂಸ್ಟನ್‌ನಲ್ಲಿ. 2023ರಲ್ಲಿ ಆಫೀಸ್ ಕೆಲಸದ ಮೇಲೆ ಕೆಲವು ತಿಂಗಳು ಅಲ್ಲಿದ್ದೆ. ಆಗಸ್ಟ್‌ನ ಒಂದು ಸಂಜೆ ಟೀಮ್‌ನವನೊಬ್ಬ ಬೇಸ್‌ಬಾಲ್ ನೋಡೋಕೆ ಕರ್ಕೊಂಡು ಹೋದ. ಆಗ ಆ ಸ್ಟೇಡಿಯಂ ಹೆಸರು ಮಿನಿಟ್ ಮೇಡ್ ಪಾರ್ಕ್. ಬ್ಯಾಟ್ ಹಿಡಿದು ಒಬ್ಬ ಬಂದ. ಹತ್ತಿರ ನಿಂತವರಿಗಿಂತ ಒಂದು ತಲೆ ಗಿಡ್ಡ. ಇಡೀ ಸ್ಟೇಡಿಯಂ ಎದ್ದು ಕೂಗ್ತಿದೆ. ಅವನೇ ಹೋಸೆ ಅಲ್ಟೂವೆ.

ಫೋನ್ ತೆಗೆದು ಹುಡುಕಿದೆ. ಪಟ್ಟಿಯಲ್ಲಿ ಎತ್ತರ 5 ಅಡಿ 6 ಇಂಚು. ಹಳೇ ಸುದ್ದಿಗಳಲ್ಲಿ 5 ಅಡಿ 5 ಇಂಚು. "ಯಾವುದು ನಿಜ?" ಅಂತ ಕೇಳಿದೆ. ಸ್ನೇಹಿತ ನಕ್ಕ. "ಬೇಸ್‌ಬಾಲ್‌ನಲ್ಲಿ ಬರೆದಿರೋ ಎತ್ತರ ಯಾರೂ ನಂಬಲ್ಲ. ಎಲ್ಲರೂ ಒಂದೆರಡು ಇಂಚು ಸೇರಿಸ್ತಾರೆ" ಅಂದ. ನನಗೆ ಮಾವನ ದನಿ ಕೇಳಿದ ಹಾಗಾಯ್ತು.

ಅವತ್ತಿಂದ ನನಗೆ ಈ ಹುಚ್ಚು ಹಿಡಿಯಿತು. ಅಲ್ಟೂವೆ ಕಥೆ ಗೊತ್ತಾ? ಹದಿನಾರರ ಹುಡುಗ ವೆನೆಜುವೆಲಾದಲ್ಲಿ ಹ್ಯೂಸ್ಟನ್ ಆಸ್ಟ್ರೋಸ್ ತಂಡದ ಆಯ್ಕೆ ಶಿಬಿರಕ್ಕೆ ಹೋದ. ಕುಳ್ಳ ಅಂತ ವಾಪಸ್ ಕಳಿಸಿದರು. ವಯಸ್ಸನ್ನೂ ಸುಳ್ಳು ಹೇಳ್ತಿದಾನೆ ಅಂತ ಅನುಮಾನಪಟ್ಟರು. ಮಾರನೇ ದಿನ ಅಪ್ಪ ಧೈರ್ಯ ತುಂಬಿ ಮತ್ತೆ ಕಳಿಸಿದರು. ಹುಡುಗ ಜನನ ಪ್ರಮಾಣಪತ್ರ ಹಿಡಿದುಕೊಂಡು ಹೋಗಿ ನಿಂತ. 2007ರಲ್ಲಿ ಬರೀ 15,000 ಡಾಲರ್‌ಗೆ ಒಪ್ಪಂದ ಆಯ್ತು. ಹತ್ತು ವರ್ಷ ಬಿಟ್ಟು, 2017ರಲ್ಲಿ, ಅವನು ಅಮೆರಿಕನ್ ಲೀಗ್‌ನ ಅತ್ಯುತ್ತಮ ಆಟಗಾರ. ಎರಡನೇ ಸ್ಥಾನ ಬಂದಿದ್ದು ಯಾರಿಗೆ? 6 ಅಡಿ 7 ಇಂಚಿನ ಆರನ್ ಜಡ್ಜ್‌ಗೆ.

ಕುಳ್ಳಗಿರೋರನ್ನ ಬಾಗಿಲಲ್ಲೇ ತಡೆಯೋ ಕಡೆ ಪಟ್ಟಿಯಲ್ಲಿ ಇಂಚು ಬೆಳೆಯೋದು ಸಹಜ. 2008ರಲ್ಲಿ ಇದೇ ಪ್ರಶಸ್ತಿ ಗೆದ್ದ ಬಾಸ್ಟನ್‌ನ ಡಸ್ಟಿನ್ ಪೆಡ್ರೋಯಾ ಎತ್ತರ ಪಟ್ಟಿಯಲ್ಲಿ 5 ಅಡಿ 9 ಇಂಚು. ಅಭಿಮಾನಿಗಳಿಗೆ ಅದೊಂದು ಹಳೇ ಜೋಕು.

ತೂಕದ ಕಥೆ ಬೇರೆ. ಎತ್ತರ ಮೇಲಕ್ಕೆ ಹೋದರೆ, ತೂಕ ಇದ್ದಲ್ಲೇ ನಿಂತುಬಿಡುತ್ತೆ. ಡೇಟಾ ಕೆಲಸ ಮಾಡೋರಲ್ಲಿ ಹಲವರಿಗೆ ಲಾಹ್‌ಮನ್ ಬೇಸ್‌ಬಾಲ್ ಡೇಟಾಬೇಸ್ ಗೊತ್ತಿರುತ್ತೆ, ಎಸ್‌ಕ್ಯೂಎಲ್ ಕಲಿಯೋಕೆ ಚೆನ್ನಾಗಿದೆ. ಅದರಲ್ಲಿ ಒಬ್ಬ ಆಟಗಾರನಿಗೆ ಒಂದೇ ಸಾಲು, ತೂಕಕ್ಕೆ ಒಂದೇ ಕಾಲಂ. ಇಪ್ಪತ್ತು ವರ್ಷ ಆಡಿದರೂ ಒಂದೇ ಸಂಖ್ಯೆ. ಸ್ಯಾನ್ ಡಿಯಾಗೋದ ಟೋನಿ ಗ್ವಿನ್ 1982ರಿಂದ 2001ರವರೆಗೆ ಆಡಿದ, ಎಂಟು ಬಾರಿ ಲೀಗ್‌ನ ಬ್ಯಾಟಿಂಗ್ ಸರಾಸರಿಯಲ್ಲಿ ಮೊದಲಿಗನಾದ. ದಾಖಲೆಯಲ್ಲಿ ತೂಕ 185 ಪೌಂಡ್, ಅಂದ್ರೆ 84 ಕೆಜಿ. ಕೊನೆಯ ವರ್ಷಗಳ ಫೋಟೊ ನೋಡಿ, ಆ ಸಂಖ್ಯೆ ನಂಬೋಕೆ ಆಗಲ್ಲ. ಅದು ತೆಳ್ಳಗಿದ್ದ ಹುಡುಗನ ತೂಕ. ಯಾರೂ ಅಪ್‌ಡೇಟ್ ಮಾಡಲಿಲ್ಲ, ಅಷ್ಟೇ.

ಹಾಗಾದ್ರೆ ಈ ಸುಳ್ಳು ಹೀಗೇ ನಡೆಯುತ್ತಾ ಅಂದುಕೊಂಡಿದ್ದೆ. ಇಲ್ಲ. 2026ರ ಸೀಸನ್‌ನಿಂದ ಅಲ್ಲಿ ಹೊಸ ನಿಯಮ ಬಂದಿದೆ. ನಮ್ಮ ಡಿಆರ್‌ಎಸ್ ತರಾನೇ ಅನ್ನಿ. ಪಿಚರ್ ಎಸೆದ ಚೆಂಡು ಸ್ಟ್ರೈಕೋ ಅಲ್ಲವೋ ಅಂತ ಅಂಪೈರ್ ಹೇಳಿದ್ದನ್ನ ಆಟಗಾರ ಪ್ರಶ್ನಿಸಬಹುದು. ಕ್ಯಾಮೆರಾಗಳು ತೀರ್ಪು ಹೇಳುತ್ತವೆ. ತಂಡಕ್ಕೆ ಎರಡು ಅವಕಾಶ, ಗೆದ್ದರೆ ಅವಕಾಶ ಉಳಿಯುತ್ತೆ.

ವ್ಯತ್ಯಾಸ ಇಷ್ಟೇ. ನಮ್ಮ ಸ್ಟಂಪ್ ಎಲ್ಲರಿಗೂ 28 ಇಂಚು. ಅಲ್ಲಿ ಸ್ಟ್ರೈಕ್ ವಲಯ ಬ್ಯಾಟರ್‌ನ ಮೈಯಳತೆ ಮೇಲೆ ನಿಂತಿದೆ: ಕೆಳಗಿನ ಗೆರೆ ಅವನ ಎತ್ತರದ ಶೇ. 27ರಲ್ಲಿ, ಮೇಲಿನ ಗೆರೆ ಶೇ. 53.5ರಲ್ಲಿ. ಲೆಕ್ಕ ಹಾಕಿ ನೋಡಿ. ಒಂದು ಇಂಚು ಎತ್ತರ ಸುಳ್ಳು ಹೇಳಿದರೆ ಮೇಲಿನ ಗೆರೆ ಅರ್ಧ ಇಂಚಿಗಿಂತ ಸ್ವಲ್ಪ ಜಾಸ್ತಿ ಮೇಲಕ್ಕೆ ಹೋಗುತ್ತೆ. ಅಂದ್ರೆ ಬಿಟ್ಟುಬಿಡಬಹುದಾಗಿದ್ದ ಎತ್ತರದ ಚೆಂಡೂ ಸ್ಟ್ರೈಕ್. ಇಷ್ಟು ವರ್ಷ ಲಾಭ ತಂದ ಸುಳ್ಳು ಒಂದೇ ಏಟಿಗೆ ನಷ್ಟಕ್ಕೆ ತಿರುಗಿತು!

ಅದಕ್ಕೇ ಆಟಗಾರರನ್ನೆಲ್ಲ ಶೂ ಬಿಚ್ಚಿಸಿ ನಿಲ್ಲಿಸಿ ಅಳೆದರು. ಎಷ್ಟೋ ಜನ ಪಟ್ಟಿಯಲ್ಲಿದ್ದದ್ದಕ್ಕಿಂತ ಕುಳ್ಳಗಾದರು. ಈಗಿನ ಭಯ ಉಲ್ಟಾ. ಬೇಕಂತಲೇ ಕುಗ್ಗಿ ನಿಂತಾರು ಅಂತ, ಟೆಕ್ಸಸ್‌ನ ಸೌತ್‌ವೆಸ್ಟ್ ರಿಸರ್ಚ್ ಇನ್‌ಸ್ಟಿಟ್ಯೂಟ್‌ನವರು ದೇಹದ ಅಳತೆಯನ್ನು ವಿಶ್ಲೇಷಿಸಿ ತಾಳೆ ನೋಡುತ್ತಾರೆ.

ಆರ್‌ಸಿಬಿ ಅಭಿಮಾನಿಗಳಿಗೆ ಇದು ಹೊಸದೇನಲ್ಲ. 2024ರ ಐಪಿಎಲ್‌ನಲ್ಲಿ ಈಡನ್ ಗಾರ್ಡನ್ಸ್‌ನಲ್ಲಿ ಕೊಹ್ಲಿ ಔಟಾದ ಆ ಫುಲ್‌ಟಾಸ್ ನೆನಪಿದೆಯಲ್ವಾ? ಮೊದಲೇ ಅಳೆದಿಟ್ಟಿದ್ದ ಸೊಂಟದ ಎತ್ತರ 1.04 ಮೀಟರ್, ಚೆಂಡು ಬರುತ್ತಿದ್ದದ್ದು 0.92 ಮೀಟರ್‌ನಲ್ಲಿ. ನೋಬಾಲ್ ಅಲ್ಲ ಅಂದರು. ನಾವು ಒಂದು ರನ್‌ನಿಂದ ಸೋತೆವು. ಅವತ್ತು ಟೇಪಿಗೆ ಶಾಪ ಹಾಕಿದ್ದೆ. ಆದರೆ ಟೇಪ್ ಇರಲಿಲ್ಲ ಅಂದಿದ್ರೆ ಜಗಳ ಇವತ್ತಿಗೂ ಮುಗೀತಿರಲಿಲ್ಲ.

ನನಗೆ ಅರ್ಥವಾಗಿದ್ದು ಇಷ್ಟು: ಸಂಖ್ಯೆ ಸುಳ್ಳು ಹೇಳೋದು ಆ ಸಂಖ್ಯೆ ನೋಡಿ ಬಾಗಿಲು ಹಾಕೋರು ಇರೋವರೆಗೆ. ಆ ಸುಳ್ಳಿನ ಬೆಲೆಯನ್ನ ನಾವೇ ಕಟ್ಟಬೇಕಾದ ದಿನ, ನಿಜ ತಾನಾಗೇ ಹೊರಗೆ ಬರುತ್ತೆ.

ನನ್ನ ಬೆಲೆ ಅಪ್ಪ ಕಟ್ಟಿದ್ದರು. ಆ ಸಂಬಂಧ ಮುರಿದ ಮಾರನೇ ದಿನವೇ ಬಯೋಡೇಟಾ ತಿದ್ದಿದ್ದೆ. "5 ಅಡಿ ಆರೂವರೆ." ಮಾವ ತಲೆ ಚಚ್ಚಿಕೊಂಡರು. ಏಳು ತಿಂಗಳು ಒಂದೂ ಫೋನ್ ಬರಲಿಲ್ಲ. ಆಮೇಲೆ ಶಿವಮೊಗ್ಗದಿಂದ ಒಂದು ಬಂತು. ಮದುವೆ ಆದ್ಮೇಲೆ ಒಂದಿನ ಕೇಳಿದೆ, ನನ್ನ ಬಯೋಡೇಟಾದಲ್ಲಿ ಏನು ಇಷ್ಟ ಆಯ್ತು ಅಂತ. "ಬಂದ ಅಷ್ಟೂ ಬಯೋಡೇಟಾದಲ್ಲಿ ಅರ್ಧ ಇಂಚನ್ನೂ ಬರೆದಿದ್ದೋರು ನೀವೊಬ್ರೇ" ಅಂದಳು.

ಇಷ್ಟಾದ್ರೂ ಬುದ್ಧಿ ಬಂತಾ? ಕಳೆದ ತಿಂಗಳು ಟರ್ಮ್ ಇನ್ಶೂರೆನ್ಸ್ ಫಾರ್ಮ್ ತುಂಬುತ್ತಿದ್ದೆ. ಮಗಳಿಗೆ ಈಗ ಆರು ತಿಂಗಳು, ಇನ್ನು ಮುಂದೂಡೋ ಹಾಗಿರಲಿಲ್ಲ. ತೂಕದ ಜಾಗದಲ್ಲಿ ಕೈ ತಾನಾಗೇ 68 ಅಂತ ಟೈಪ್ ಮಾಡಿತು. ಮೊದಲ ಕೆಲಸಕ್ಕೆ ಸೇರಿದಾಗಿನ ಮೆಡಿಕಲ್‌ನಲ್ಲಿದ್ದ ತೂಕ ಅದು. ಅಲ್ಲಿಂದ ಎಲ್ಲ ಫಾರ್ಮಿನಲ್ಲೂ ಅದನ್ನೇ ಹಾಕ್ಕೊಂಡು ಬಂದಿದ್ದೆ.

ಮಗಳನ್ನ ತೊಡೆ ಮೇಲೆ ಮಲಗಿಸಿಕೊಂಡಿದ್ದ ಹೆಂಡತಿ ಸ್ಕ್ರೀನ್ ನೋಡಿದಳು. "ರೀ, ಇದು ನಿಮ್ಮ ಟೋನಿ ಗ್ವಿನ್ ತೂಕ ಅಲ್ವಾ? ನಾಳೆ ನಾನು ಕ್ಲೇಮ್ ಮಾಡೋಕೆ ಹೋದಾಗ ಇದು ಸುಳ್ಳು ಅಂತ ಅವರು ತಗೊಂಡು ಕೂತ್ರೆ?"

ಎದ್ದು ಹೋಗಿ ತೂಕದ ಮಷೀನ್ ಮೇಲೆ ನಿಂತೆ. 81. ಬಿಎಂಐ 23.8 ಅಂದುಕೊಂಡಿದ್ದು 28.4. ಏಜೆಂಟ್ ಫೋನಿನಲ್ಲಿ ಹೇಳಿದ, "ಸರ್, ಸ್ವಲ್ಪ ಕಮ್ಮಿ ಹಾಕಿ, ಎಲ್ಲರೂ ಹಾಕ್ತಾರೆ."

81 ಅಂತಲೇ ಹಾಕಿದೆ. ಮೆಡಿಕಲ್ ಟೆಸ್ಟ್ ಮಾಡಿಸಿ ಅಂದರು, ಪ್ರೀಮಿಯಂ ಕೂಡ ಏರಿತು. ಬೆಳಗ್ಗೆ ಆರಕ್ಕೆ ವಾಕಿಂಗ್ ಶುರು ಮಾಡಿದ್ದೀನಿ. ತುಂಬಿದ ಫಾರ್ಮನ್ನ ವಾಟ್ಸ್ಆ್ಯಪ್‌ನಲ್ಲಿ ಅಪ್ಪನಿಗೆ ಕಳಿಸಿದ್ದೆ, ಒಂದ್ಸಲ ನೋಡಿ ಅಂತ.

ಸಂಜೆ ಉತ್ತರ ಬಂತು, ಒಂದೇ ಸಾಲು. "ಎಲ್ಲಾ ಟ್ಯಾಲಿ ಆಗ್ತಿದೆ."